ಮೇಷ್ಟ್ರ ಪಿಟೀಲು ಅಳೆದ ದಿನ

ಮೊನ್ನೆ ಕೆಲಸದಿಂದ ಬಂದು ಪ್ಯಾಂಟಿನ ಜೇಬು ಖಾಲಿ ಮಾಡುತ್ತಿದ್ದೆ. ಕೀಲಿಕೈ, ಚಿಲ್ಲರೆ, ಬಸ್ ಟಿಕೆಟ್ಟಿನ ಉಂಡೆ... ಅವುಗಳ ಜೊತೆ ಒಂದು ಪುಟ್ಟ ಆಯಸ್ಕಾಂತ. ಯಾವಾಗ ಜೇಬು ಸೇರಿತ್ತೋ ಗೊತ್ತಿಲ್ಲ. ಅದರ ಮೈತುಂಬ ಅದಿರಿನ ಧೂಳು ಮುಳ್ಳುಮುಳ್ಳಾಗಿ ನಿಂತು ಥೇಟ್ ಗಡ್ಡ ಬಂದ ಹಾಗಿತ್ತು. ಸಂಡೂರಿನ ಅದಿರು ಲಾರಿಗಳು ಓಡಾಡುವ ನಮ್ಮ ಹೊಸಪೇಟೆ ಕಡೆ ಇದೇನು ವಿಶೇಷವಲ್ಲ ಬಿಡಿ. "ಥೂ, ಆ ಹೊಲಸು ಟೇಬಲ್ ಮ್ಯಾಲ ಇಡಬ್ಯಾಡ್ರಿ" ಅಂತ ಹೆಂಡತಿ ಕೂಗಿದಳು. ನಾನು ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ. ಪಿಟೀಲು ಮೇಷ್ಟ್ರು ನೆನಪಾಗಿದ್ದರು.

ಮೇಷ್ಟ್ರು ಸಂಡೂರಿನ ಶಾಲೆಯೊಂದರಲ್ಲಿ ಸಂಗೀತ ಕಲಿಸಿ ನಿವೃತ್ತರಾಗಿ ನಮ್ಮ ಓಣಿಗೆ ಬಂದು ಮನೆ ಮಾಡಿದ್ದರು. ನಾನು ಗಾದಿಗನೂರಿನ ಕಡೆ ಪೈಪ್ ಕಾರ್ಖಾನೆಯಲ್ಲಿ ಬಣ್ಣದ ದಪ್ಪ ಅಳೆಯುವವನು. ಕಬ್ಬಿಣದ ಮೇಲೆ ಬಣ್ಣ ಎಷ್ಟು ಕೂತಿದೆ ಎಂದು ದಿನವಿಡೀ ಆಯಸ್ಕಾಂತದ ಮಾಪಕ ಒತ್ತುವುದೇ ನನ್ನ ಹೊಟ್ಟೆಪಾಡು. ತಲೆಗೂದಲು ಉದುರುವ ವಯಸ್ಸಿಗೆ ನನಗೆ ಪಿಟೀಲು ಕಲಿಯುವ ಹುಚ್ಚು ಹತ್ತಿತು. ಒಂದು ಅಗ್ಗದ ಪಿಟೀಲು ಕೊಂಡುಕೊಂಡು ಅವರ ಮುಂದೆ ಹೋಗಿ ಕೂತೆ. ಮೊದಲ ದಿನವೇ ಮೇಷ್ಟ್ರು ಕಿವಿ ಮುಚ್ಚಿಕೊಂಡು, "ಲೇ, ಕಂಪ್ಲಿ ಅಕ್ಕಿ ಗಿರಣಿ ಬೆಲ್ಟ್ ಜಾರಿದಂಗ ಕೇಳ್ತೈತಿ. ಸ್ವಲ್ಪ ಎಣ್ಣಿ ಬಿಡು" ಅಂದರು. ಅವತ್ತಿನಿಂದ ನನ್ನ ಪಿಟೀಲಿಗೆ ಗಿರಣಿ ಎಂದೇ ಹೆಸರಾಯಿತು.

ಅವರ ಪಿಟೀಲು ಮಾತ್ರ ಅವರ ಗುರುಗಳು ಕೊಟ್ಟದ್ದು. ಅದನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಮೇಷ್ಟ್ರ ಹೆಂಡತಿ, ಅವರನ್ನು ನಾವೆಲ್ಲ ಅಮ್ಮ ಅನ್ನುತ್ತಿದ್ದೆವು, ಪೆಟ್ಟಿಗೆಯ ಧೂಳು ಒರೆಸಲು ಹೋದರೂ ಮೇಷ್ಟ್ರು ಎದ್ದು ಬರುತ್ತಿದ್ದರು. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹಂಪಿಗೆ ಹೋಗಿ, ಹೊಳೆದಂಡೆಯ ಮಂಟಪದಲ್ಲಿ ಒಬ್ಬರೇ ಕೂತು ನುಡಿಸಿ ಬರುವುದು ಅವರ ರೂಢಿ. ಕೇಳುವವರು ಬೇಕು ಎಂದೇನೂ ಇರಲಿಲ್ಲ. ಒಂದೆರಡು ಸಲ ನಾನೂ ಹಿಂದೆ ಹೋಗಿ ಕೂತಿದ್ದೆ... ಏನು ಹೇಳಲಿ, ಆ ನಾದವನ್ನು ಬರೆದು ತೋರಿಸುವ ಶಕ್ತಿ ನನಗಿಲ್ಲ.

ಹಾಗಿರುವಾಗ ಒಂದು ದಿನ ಮೇಷ್ಟ್ರು ಬಾಗಿಲ ಬಳಿಯೇ ತಲೆ ಸುತ್ತಿ ಬಿದ್ದರು. ಬಳ್ಳಾರಿಗೆ ಒಯ್ದೆವು. ಎದೆಬಡಿತ ತಪ್ಪುತ್ತಿದೆ ಎಂದು ಪೇಸ್‌ಮೇಕರ್ ಕೂರಿಸಿದರು. ಎಡಗಡೆ, ಕೊರಳ ಎಲುಬಿನ ಕೆಳಗೆ, ಚರ್ಮದ ಒಳಗೆ. ನಮ್ಮ ಕಡೆ ಪಿಟೀಲು ನುಡಿಸುವವರು ನೆಲದ ಮೇಲೆ ಕೂತು, ವಾದ್ಯದ ತಲೆಯನ್ನು ಬಲಪಾದಕ್ಕೆ ಕೊಟ್ಟು, ಬುಡವನ್ನು ಸರಿಯಾಗಿ ಅಲ್ಲಿಗೇ ಆನಿಸಿಕೊಳ್ಳುವುದು! ಗಾಯ ಮಾಗುವ ತನಕ ಪಿಟೀಲು ಮುಟ್ಟಬಾರದು ಎಂದರು ಡಾಕ್ಟರು. ಆಯಸ್ಕಾಂತ ಅಂತೂ ಜೀವಮಾನವಿಡೀ ಹತ್ತಿರ ಸುಳಿಯಬಾರದು ಎಂದು ನರ್ಸಮ್ಮ ಅಮ್ಮನಿಗೆ ಎರಡೆರಡು ಸಲ ಹೇಳಿ ಕಳಿಸಿದರು.

ಬೇಸಿಗೆ ಪೂರ್ತಿ ಮೇಷ್ಟ್ರು ಕೈಕಟ್ಟಿ ಕೂತರು. ಕೊನೆಗೆ ಡಾಕ್ಟರು ನುಡಿಸಬಹುದು ಅಂದ ದಿನ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಪೆಟ್ಟಿಗೆ ತೆರೆದರು. ಪಿಟೀಲಿನ ಮೇಲ್ಹಲಗೆ ಕುದುರೆಯ ಕೆಳಗೆ ಕುಸಿದು ಕೂತಿತ್ತು. ಕುದುರೆ ಎಂದರೆ ತಂತಿಗಳನ್ನು ಎತ್ತಿ ಹಿಡಿಯುವ ಪುಟ್ಟ ಮರದ ತುಂಡು. ನಮ್ಮ ಬಿಸಿಲಿಗೆ ತಂತಿಯ ಬಿಗಿತ ತಾಳದೆ ಹಲಗೆ ಬಗ್ಗಿಹೋಗಿತ್ತು. ಮೇಷ್ಟ್ರು ಬಹಳ ಹೊತ್ತು ನೋಡಿದರು. "ಹಲ್ಲಿದ್ದಾಗ ಕಡ್ಲಿ ಇಲ್ಲ, ಕಡ್ಲಿ ಇದ್ದಾಗ ಹಲ್ಲಿಲ್ಲ" ಅಂದು ನಕ್ಕರು. ನಗು ಪೂರ್ತಿ ಬರಲಿಲ್ಲ.

ಹುಬ್ಬಳ್ಳಿಯಲ್ಲಿ ವಾದ್ಯ ರಿಪೇರಿ ಮಾಡುವ ಒಬ್ಬರಿಗೆ ಫೋನ್ ಮಾಡಿದೆ. ಅವರದು ಖಡಕ್ ಮಾತು. "ಮ್ಯಾಲಿನ ಹಲಗಿ ಎರಡೂವರಿ ಮಿಲಿಮೀಟರ್ ಐತಿ ಅಂದ್ರ ತಗೊಂಡ ಬರ್ರಿ, ಎತ್ತಿ ಕೂಡಸ್ತೀನಿ. ಎರಡಕ್ಕಿಂತ ಕಮ್ಮಿ ಐತಿ ಅಂದ್ರ ತಂತಿ ಬಿಗಿಯೂದು ಮರತಬಿಡ್ರಿ, ಹೊಸ ಹಲಗಿನೇ ಹಾಕಬೇಕು." ಹೊಸ ಹಲಗೆ ಎಂದೊಡನೆ ಮೇಷ್ಟ್ರು ಕೈ ಅಡ್ಡ ಆಡಿಸಿದರು. ಹಲಗೆ ಬದಲಾದರೆ ದನಿ ಬದಲಾಯಿತು, ದನಿ ಬದಲಾದ ಮೇಲೆ ಅದು ಯಾರ ಪಿಟೀಲೋ ಅಂದರು. ಅಲ್ಲಿಗೆ ಎಲ್ಲವೂ ಆ ಹಲಗೆಯ ದಪ್ಪದ ಮೇಲೆ ನಿಂತಿತು.

ಅಳೆಯುವುದು ನನ್ನ ಕಸುಬು ತಾನೇ? ಜಂಬದಿಂದ ಕಾರ್ಖಾನೆಯ ಮಾಪಕ ತಂದು ಇಟ್ಟೆ. ಮರದ ಮೇಲೆ ಅದು ಕುರುಡು! ಅದಕ್ಕೆ ಆಚೆ ಬದಿಗೆ ಕಬ್ಬಿಣ ಇರಲೇಬೇಕು. ಆಮೇಲೆ ಮರದ ವಾದ್ಯಗಳಿಗೆಂದೇ ಇರುವ ಮಾಪಕ ತರಿಸಿದೆ. ಕಡಲೆಕಾಳಿನಷ್ಟು ಆಯಸ್ಕಾಂತ ವಾದ್ಯದ ಒಳಗೆ, ಪೆನ್ನಿನಂಥ ಅಳತೆಕಡ್ಡಿ ಹೊರಗೆ. ನಡುವಿನ ಮರ ದಪ್ಪವಾದಷ್ಟೂ ಎಳೆತ ಕಡಿಮೆ, ಕಡ್ಡಿಯ ಗೆರೆ ಅದನ್ನು ಹೇಳುತ್ತದೆ. ಆದರೆ ಎರಡೂ ಚಟ್ಟನೆ ಕಚ್ಚಿಕೊಂಡರೆ ತೆಳು ಹಲಗೆ ಸೀಳಬಹುದು, ಎಳೆದಾಡಿದರೆ ಪಾಲಿಷ್ ಗೀರಿಹೋಗುತ್ತದೆ. ಹತ್ತಿರ ತರುವುದು ಮೆಲ್ಲಗೆ, ಜಾಗ ಬದಲಿಸುವಾಗ ಕಡ್ಡಿ ಎತ್ತಿ ಇಡಬೇಕು. ಒಂದು ವಾರ ನನ್ನ ಗಿರಣಿಯ ಮೇಲೆ ಅಭ್ಯಾಸ ಮಾಡಿದೆ. ಅದಕ್ಕೇನಾದರೂ ಆಗಿದ್ದರೆ ಓಣಿಯವರಿಗೆ ಹಾಲು ಕುಡಿದಷ್ಟು ಸಂತೋಷವಾಗುತ್ತಿತ್ತು.

ಅಳೆಯುವ ದಿನ ಮೇಷ್ಟ್ರನ್ನು ಹೊರಗೆ ಬೀದಿಯಾಚೆಯ ಕಟ್ಟೆಯ ಮೇಲೆ ಕೂರಿಸಿದೆವು. ಆಯಸ್ಕಾಂತ ಇರುವ ತನಕ ಅವರು ಒಳಗೆ ಬರುವ ಹಾಗಿಲ್ಲ.

"ನನ್ನ ಪಿಟೀಲಿಗೆ ನಾನೇ ಹೊರಗಿನವನೇನಲೇ?"

"ನಿಮ್ಮೆದಿ ನಿಂತ್ರ ಪಿಟೀಲು ತಗೊಂಡು ನಾವೇನ್ ಮಾಡೂನ್ರಿ? ಸುಮ್ನ ಕುಂದ್ರಿ" ಅಂತ ಅಮ್ಮ ಗದರಿದರು. ಮೇಷ್ಟ್ರು ಕೂತರು. ಬಾಯಿ ಮಾತ್ರ ಕೂರಲಿಲ್ಲ. "ಕೆಳಗ ಮೆತ್ತನ ಬಟ್ಟಿ ಹಾಸೀರೇನು? ಕೈ ಒರೆಸ್ಕೊಂಡಿಯೇನಲೇ? ಉಗುರು ತಾಗೀತು, ನೋಡು!"

ಗೊತ್ತಿರುವ ದಪ್ಪದ ಗಾಜಿನ ಪಟ್ಟಿಯ ಮೇಲೆ ಮಾಪಕ ಪರೀಕ್ಷಿಸಿದೆ, ಸರಿ ಇತ್ತು. ತಂತಿ, ಕುದುರೆ ಮೊದಲೇ ಬಿಚ್ಚಿದ್ದೆವು. ಆಯಸ್ಕಾಂತಕ್ಕೆ ದಾರ ಕಟ್ಟಿ ಮೇಲ್ಹಲಗೆಯಲ್ಲಿ ದನಿ ಹೊರಡಲೆಂದು ಕೊರೆದ ಸೀಳಿನಿಂದ ಒಳಗೆ ಇಳಿಸಿದೆ. ಅದು ಮೇಲ್ಹಲಗೆಯ ಒಳಮೈಗೆ ಕೂರಲಿ ಎಂದು ಅಮ್ಮ ಪಿಟೀಲನ್ನು ಮಗುಚಿ, ಕೂಸು ಹಿಡಿದಂತೆ ಹಿಡಿದರು. ನಾನು ಕೆಳಗಿನಿಂದ ಕಡ್ಡಿ ತಾಗಿಸಿ, ಅಲ್ಲಲ್ಲಿ ಎತ್ತಿ ಇಟ್ಟು ಅಳೆದೆ. ಎರಡು ಪಾಯಿಂಟ್ ಎಂಟು. ಎರಡು ಪಾಯಿಂಟ್ ಒಂಬತ್ತು. ಕುಸಿದ ಜಾಗದಲ್ಲೂ ಎರಡೂವರೆ!

ಅಮ್ಮ ಬಾಗಿಲ ಕಡೆ ತಿರುಗಿ, "ಎರಡೂವರಿ ಐತಂತ್ರೀ!" ಅಂತ ಕೂಗಿದರು. ಓಣಿಯಲ್ಲಿ ಹೋಗುತ್ತಿದ್ದವರು ನಿಂತು ನೋಡುವಂತೆ ಮೇಷ್ಟ್ರು ತೊಡೆ ತಟ್ಟಿ ಆಲಾಪ ಶುರು ಮಾಡಿದರು. ನಡುವೆ ನಿಲ್ಲಿಸಿ, "ಬರೋ ಸೋಮವಾರ ಹಂಪಿಗೆ ಹೋಗೂನಲೇ, ಗಿರಣಿನೂ ತಗೊಂಡ ಬಾ" ಅಂದರು. ಅಮ್ಮನ ಕಣ್ಣಲ್ಲಿ ನೀರು. ನನಗಂತೂ ಕುಣಿಯಬೇಕು ಅನಿಸಿತ್ತು.

ಆಮೇಲೆ ದಾರ ಎಳೆದೆ. ಆಯಸ್ಕಾಂತ ಹೊರಗೆ ಬಂತು. ಗಡ್ಡ ಬೆಳೆಸಿಕೊಂಡು ಬಂತು.

ಸಂಡೂರಿನ ಲಾರಿರಸ್ತೆಯ ಪಕ್ಕ ಮೇಷ್ಟ್ರು ಬಾಳಿದ ಅಷ್ಟು ವರ್ಷಗಳಲ್ಲಿ ಪಿಟೀಲಿನ ಹೊಟ್ಟೆಗೆ ಇಳಿದ ಅದಿರಿನ ಧೂಳು ತಳದಲ್ಲಿ ಕೂತಿತ್ತು. ನಾವು ಮಗುಚಿದಾಗ ಮೇಲ್ಹಲಗೆಗೆ ಸುರಿದಿತ್ತು. ಆಯಸ್ಕಾಂತ ಅದನ್ನೆಲ್ಲ ಮೆತ್ತಿಕೊಂಡು ಮರದಿಂದ ದೂರ ನಿಂತಿತ್ತು. ಹಾಗಾದರೆ ನಾನು ಅಳೆದದ್ದು ಮರ ಮತ್ತು ಧೂಳು, ಎರಡನ್ನೂ. ಅದೇ ಗಾಜಿನ ಪಟ್ಟಿಯ ಮೇಲೆ ಮತ್ತೆ ಇಟ್ಟು ನೋಡಿದೆ, ಒಂದು ಮಿಲಿಮೀಟರ್ ಹೆಚ್ಚು ತೋರಿಸಿತು.

ಅಮ್ಮ ನನ್ನ ಮುಖ ನೋಡಿದರು. ಕಿವಿಯ ಹತ್ತಿರ ಬಂದು, "ಹೇಳಬ್ಯಾಡಪಾ" ಅಂದರು.

ಹೇಳದೆ ಇದ್ದರೆ ಹುಬ್ಬಳ್ಳಿಯವರು ತಂತಿ ಬಿಗಿಯುತ್ತಾರೆ, ಪಿಟೀಲು ಅಲ್ಲೇ ಮುರಿಯುತ್ತದೆ. ಹೇಳಿದರೆ... ಅಮ್ಮ ಅಡುಗೆಮನೆಯಿಂದ ಚಪಾತಿ ಹಿಟ್ಟಿನ ಉಂಡೆ ತಂದುಕೊಟ್ಟರು. ಅದರಿಂದ ಆಯಸ್ಕಾಂತವನ್ನು ಒತ್ತಿ ಒತ್ತಿ ಸ್ವಚ್ಛ ಮಾಡಿದೆ. ಪಿಟೀಲಿನ ಒಳಗಿನ ಧೂಳಿಗೆ ಅವರೇ ಒಂದು ಹಿಡಿ ಅಕ್ಕಿ ಸುರಿದು, ಮೆಲ್ಲಗೆ ಕುಲುಕಿ ಹೊರಗೆ ಬೀಳಿಸಿದರು. ಬಿಳಿ ಅಕ್ಕಿ ಕೆಂಪಾಗಿ ಬಂತು. ಮತ್ತೆ ಸುರಿದರು, ಮತ್ತೆ ಕುಲುಕಿದರು.

ಹೊರಗೆ ಆಲಾಪ ನಿಂತಿತು.

"ಅಕ್ಕಿ ಯಾಕ ಹಾಕಿದ್ರಿ?" ಅಂದರು ಮೇಷ್ಟ್ರು. ಬೀದಿಯಾಚೆ ಕೂತರೂ ಆ ಕಿವಿಗೆ ತಪ್ಪಿಸಿಕೊಳ್ಳುವುದು ಉಂಟೇ? ಗಾಜಿನ ಪಟ್ಟಿಯಲ್ಲಿ ನೋಡಿ ಮತ್ತೆ ಅಳೆದೆ. ಒಂದು ಪಾಯಿಂಟ್ ಎಂಟು. ಕುಸಿದಲ್ಲಿ ಒಂದೂವರೆ.

"ಎಷ್ಟ್ ಬಂತಲೇ?"

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ನಾನು ಹೊಸ್ತಿಲ ತನಕ ಹೋಗಿ ಹೇಳಿದೆ.

"ಇನ್ನೊಮ್ಮಿ ಅಳಿ." ಅಳೆದೆ. "ಇನ್ನೊಮ್ಮಿ." ಮತ್ತೂ ಅಳೆದೆ. ಅಂಕಿ ಅಲುಗಲಿಲ್ಲ. ಕಾರ್ಖಾನೆಯಲ್ಲಾದರೆ ಇನ್ನೊಂದು ಕೋಟ್ ಬಣ್ಣ ಹೊಡೆಯಿರಿ ಅನ್ನುತ್ತಿದ್ದೆ. ಮರಕ್ಕೆ ಏನು ಹೊಡೆಯಲಿ?

ಅವರು ಒಳಗೆ ಬರಬೇಕಾದರೆ ಮೊದಲು ಆಯಸ್ಕಾಂತ ಹೊರಗೆ ಹೋಗಬೇಕಿತ್ತು. ಡಬ್ಬಿಯಲ್ಲಿ ಹಾಕಿಕೊಂಡು, ಕೈ ದೂರ ಚಾಚಿ ಹಿಡಿದು, ಬೀದಿಗೆ ಇಳಿದೆ. ನನ್ನ ಬೈಕು ಅವರ ಕಟ್ಟೆಯ ಆಚೆ ನಿಂತಿತ್ತು. ಮೇಷ್ಟ್ರು ಎದ್ದು, ಎಡಎದೆಯ ಮೇಲೆ ಅಂಗೈ ಅಡ್ಡ ಇಟ್ಟುಕೊಂಡು, ಗೋಡೆಗೆ ಒತ್ತಿ ನಿಂತು ನನಗೆ ದಾರಿ ಬಿಟ್ಟರು. ನನ್ನ ಕಡೆ ನೋಡಲಿಲ್ಲ. ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಯಾವತ್ತೂ ಆಗಿರಲಿಲ್ಲ, ಏನೂ ತಪ್ಪು ಮಾಡದೇ ಇದ್ದರೂ.

ಆಮೇಲೆ ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಪಾಠ ನಡೆಯಿತು, ಬಾಯಿಂದಲೇ ಹಾಡಿ ತಿದ್ದುತ್ತಿದ್ದರು. ನನ್ನದನ್ನಾದರೂ ನುಡಿಸಿ ಅಂದರೆ, "ನಿನ್ನ ಗಿರಣಿ ನೀನ ಇಟ್ಕೋ" ಅನ್ನುತ್ತಿದ್ದರು. ತಂತಿಯಿಲ್ಲದ ಪಿಟೀಲನ್ನು ಬೆಳಿಗ್ಗೆ ಎದೆಗೆ ಆನಿಸಿಕೊಂಡು ಕೂರುವುದನ್ನು ಮಾತ್ರ ಬಿಡಲಿಲ್ಲ. ಬೆರಳುಗಳು ಓಡುತ್ತಿದ್ದವು, ಸದ್ದಿರಲಿಲ್ಲ. ಹಂಪಿಗೆ ಮತ್ತೆ ಹೋಗಲೇ ಇಲ್ಲ. ಮುಂದಿನ ಬೇಸಿಗೆ ಬರುವ ಮೊದಲೇ ಹೋಗಿಬಿಟ್ಟರು...

ಅಮ್ಮ ಈಗ ಕಂಪ್ಲಿಯಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಹೋಗುವಾಗ ಪಿಟೀಲು ನನ್ನ ಕೈಗಿಟ್ಟು ಹೋದರು. ಆಗಾಗ ಫೋನ್ ಮಾಡುತ್ತಾರೆ, ಮಾಡಿದಾಗೆಲ್ಲ ಅದನ್ನು ಮತ್ತೆ ಅಳೆದೆಯಾ ಎಂದು ಕೇಳುತ್ತಾರೆ. ಹ್ಞೂಂ, ಅಷ್ಟೇ ಐತ್ರಿ ಅನ್ನುತ್ತೇನೆ. ಜೇಬಿನಲ್ಲಿ ಆಯಸ್ಕಾಂತ ಸಿಕ್ಕ ಮರುದಿನವೂ ಫೋನ್ ಬಂತು. "ಮತ್ತ ಅಳದೀಯೇನಪಾ? ಎಷ್ಟ್ ಬಂತು?" ನಾನು ಅಳೆದಿರಲಿಲ್ಲ. ಅದು ಯಾಕೆ ಹಾಗೆ ಬಾಯಿಗೆ ಬಂತೋ ಕಾಣೆ. "ಎರಡೂವರಿ ಮ್ಯಾಲೈತ್ರಿ ಅಮ್ಮ" ಅಂದುಬಿಟ್ಟೆ.



"ಅವತ್ತ ಹಿಂಗ ಹೇಳಿದ್ರ ಆಗ್ತಿತ್ತಲ್ಲಪಾ" ಅಂದರು ಅಮ್ಮ. ಬೈದ ದನಿಯಲ್ಲ, ಅತ್ತ ದನಿಯೂ ಅಲ್ಲ. ಊಟ ಆಯ್ತೇನು ಎಂದು ಕೇಳಿ ಫೋನ್ ಇಟ್ಟರು.