ಶಮೀಮ್ ಕೂರಲಿಲ್ಲ

ಮುಂದಿನ ವಾರ ಅಲಾಸ್ಕಾದ ಕಾಡಿಗೆ, ಗೈಡ್ ಜೊತೆ ಕರಡಿ ನೋಡಲು ಹೊರಡುತ್ತೇವೆ. ಇಂದು ಇಂದಿರಾನಗರದ ಟ್ರಾವೆಲ್ ಆಫೀಸಿನಲ್ಲಿ ಸುರಕ್ಷತೆಯ ಪಾಠವಿತ್ತು. ನನ್ನ ಗೆಳತಿ ಶಮೀಮ್‌ಗೆ ಅರವತ್ತೆಂಟು. ಶಿವಾಜಿನಗರದಲ್ಲಿ ಹೊಲಿಗೆ ಅಂಗಡಿ ನಡೆಸಿದವಳು. ಅವಳು ಕುಂಟುತ್ತ ಒಳಗೆ ಬಂದದ್ದನ್ನು ಕಂಡು ಮ್ಯಾನೇಜರ್ ಮುಖ ಗಂಟಿಕ್ಕಿದ.

"ಆಂಟಿ, ಈ ಮಂಡೀಲಿ ಆಗಲ್ಲ. ಅಲ್ಲಿ ಗಂಟೆಗಟ್ಟಲೆ ನಿಂತಿರ್ಬೇಕು. ಕರಡಿ ಹತ್ರ ಬಂದ್ರೂ ಓಡೋ ಹಾಗಿಲ್ಲ."

"ನಲವತ್ತು ವರ್ಷ ನಿಂತೇ ಬಟ್ಟೆ ಕತ್ತರಿಸಿದ್ದೀನಿ ರೀ. ಓಡೋಕಂತೂ ನಂಗೆ ಬರೋದೇ ಇಲ್ಲ. ನನಗಿಂತ ಒಳ್ಳೆ ಗಿರಾಕಿ ನಿಮಗೆಲ್ಲಿ ಸಿಗ್ತಾರೆ?"

ಅವನು ನಗಲಿಲ್ಲ, ಕುರ್ಚಿ ತೋರಿಸಿದ. ಪಾಠ ಎರಡು ಗಂಟೆ ನಡೆಯಿತು. ನಾವೆಲ್ಲ ಕೂತು ಕೇಳಿದೆವು. ಶಮೀಮ್ ಮಾತ್ರ ಗೋಡೆಗೂ ಒರಗದೆ ಕೊನೆಯವರೆಗೆ ನಿಂತೇ ಇದ್ದಳು. ಮ್ಯಾನೇಜರ್ ಹೊರಡುವವರ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಟಿಕ್ ಹಾಕಿದ.