ಒಣಹವೆ ಮುಂದುವರಿಯಲಿದೆ

ಮೊದಲೇ ಹೇಳಿಬಿಡುತ್ತೇನೆ: ಹೋದ ವರ್ಷ ಸಿರುಗುಪ್ಪದಲ್ಲಿ ನಮ್ಮ ಸೋದರತ್ತೆಯ ಭತ್ತವನ್ನು ಮಳೆಯ ಬಾಯಿಗೆ ಇಟ್ಟ ಕತ್ತೆ ನಾನೇ. ಕತ್ತೆಯ ದನಿಯನ್ನೂ ಚೆನ್ನಾಗಿ ತೆಗೆಯುತ್ತೇನೆ, ಆ ಮಾತು ಬೇರೆ.

ದೀಪಾವಳಿ ರಜೆಗೆ ಬಳ್ಳಾರಿಯಿಂದ ಹೋಗಿದ್ದೆ. ಗದ್ದೆ ಹಣ್ಣಾಗಿತ್ತು. ಕೊಯ್ದ ಭತ್ತ ನೆಲದ ಮೇಲಿರುವಾಗ ಮಳೆ ಬಿದ್ದರೆ ತೆನೆಯಲ್ಲೇ ಮೊಳಕೆ. ವರ್ಷದ ಅನ್ನ ಹೋದಂತೆಯೇ. ಕೊಯ್ಯಬೇಕೋ, ಕಾಯಬೇಕೋ? ಕುರುಗೋಡಿನಿಂದ ತರಿಸಿದ್ದ ಪಂಚಾಂಗ ಮಳೆ ಇದೆ ಎನ್ನುತ್ತಿತ್ತು. ಮಳೆಗೆ ಮುಂಚೆ ತಪ್ಪದೆ ನೋಯುವ ಅತ್ತೆಯ ಎಡ ಮೊಣಕಾಲು ನೋಯದೆ, ಇಲ್ಲ ಎನ್ನುತ್ತಿತ್ತು. ರೇಡಿಯೊ ದಿನವೂ ‘ಅಲ್ಲಲ್ಲಿ ಮಳೆ’ ಎನ್ನುತ್ತಿತ್ತು.

“ಅಲ್ಲಲ್ಲಿ ಅಂದ್ರ ಎಲ್ಲಿ? ನಮ್ಮ ಗದ್ದ್ಯಾಗೋ, ಅವರಪ್ಪನ ಮನಿಯಾಗೋ?” ಎಂದು ಅತ್ತೆ ಅದರ ಕಿವಿ ತಿರುವಿ ಬಾಯಿ ಮುಚ್ಚಿಸುತ್ತಿದ್ದಳು.

ಒಂದು ಸಂಜೆ ಆಕೆ ಹಿತ್ತಲಲ್ಲಿದ್ದಾಗ ಒಳಗಿನಿಂದ ವಾರ್ತೆಯವನ ದನಿ ತೆಗೆದೆ: “ಬಳ್ಳಾರಿ ಜಿಲ್ಲೆಯಲ್ಲಿ ಒಣಹವೆ ಮುಂದುವರಿಯಲಿದೆ.” ಬಂದು ಬೈಯುತ್ತಾಳೆಂದು ಕಾದೆ. ಬರಲಿಲ್ಲ. ನಾನೂ ಮರೆತೆ.

ಬೆಳಿಗ್ಗೆ ಎದ್ದರೆ ಮನೆ ಖಾಲಿ. ಗದ್ದೆಗೆ ಹೋಗುವಷ್ಟರಲ್ಲಿ ಆಳುಗಳು ಅರ್ಧ ಭತ್ತ ಕೊಯ್ದು ಮಲಗಿಸಿಬಿಟ್ಟಿದ್ದರು.

“ರೇಡಿಯೊ ಇದೇ ಮೊದಲನೇ ಸಲ ನೆಟ್ಟಗ ಮಾತಾಡೈತಿ ನೋಡು,” ಎಂದಳು ಅತ್ತೆ.

ಒಣಹವೆ ನನ್ನ ಗಂಟಲಿನಿಂದಲೇ ಶುರುವಾಯಿತು. ಹೇಳಲು ಧೈರ್ಯ ಬರಲಿಲ್ಲ.

ಮಧ್ಯಾಹ್ನ ಮೂಡಣ ಕಪ್ಪಾಯಿತು. ಮನೆಗೆ ಓಡಿ ನಿಜವಾದ ರೇಡಿಯೊ ಹಚ್ಚಿದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ, ಭಾರಿ ಮಳೆ. ಈ ಸಲ ‘ಅಲ್ಲಲ್ಲಿ’ ಇರಲಿಲ್ಲ. ವಾಪಸು ಓಡಿ, “ಮಳಿ ಬರ್ತೈತಿ, ಭಾರಿ ಮಳಿ!” ಎಂದು ಕೂಗಿದೆ.

ಆಳು ಹೆಂಗಸೊಬ್ಬಳು ನಕ್ಕಳು. “ಈಗ ಯಾರ ದನಿರೀ ಇದು?”

“ನಂದೇ! ನಿನ್ನಿ ಒಣಹವಿ ಅಂದಾಂವನೂ ನಾನೇ, ಅತ್ತಿ!”

ದನಿ ಒಡೆದು ಕೀರಲಾಗಿತ್ತು. ಅಷ್ಟು ಕೆಟ್ಟ ದನಿಯನ್ನು ನಾನು ಬೇಕೆಂದು ತೆಗೆಯಲಾರೆನೆಂದು ಅತ್ತೆಗೆ ಗೊತ್ತು. ನನ್ನ ಕಡೆ ನೋಡಲೂ ಇಲ್ಲ. “ಸಿವುಡು ಕಟ್ರಿ!” ಎಂದು ಆಳುಗಳಿಗೆ ಕೂಗಿದಳು. ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ನಾನು ಕಟ್ಟಿದ ಕಂತೆಗಳೆಲ್ಲ ಕೈಯಲ್ಲೇ ಬಿಚ್ಚಿಕೊಳ್ಳುತ್ತಿದ್ದವು. ದಿಬ್ಬದ ಮೇಲೆ ಬಣವೆ ಒಟ್ಟಿ ತಾಡಪಾಲು ಹೊದಿಸುವಾಗ ಹನಿ ಶುರುವಾಯಿತು. ಕೊನೆಯ ಮಡಿಯ ಭತ್ತ ನೀರಲ್ಲೇ ಉಳಿಯಿತು.

ಮಳೆ ರಾತ್ರಿಯೆಲ್ಲ ಹೊಡೆದು ನಿಂತ ಮೇಲೆ ಅತ್ತೆ ಬಣವೆಯೊಳಗೆ ಮೊಣಕೈವರೆಗೂ ಕೈ ಹಾಕಿ ತೆನೆಯೊಂದನ್ನು ಎಳೆದು, ಕಾಳು ಕಚ್ಚಿದಳು. ಕಟಕ್ ಎಂದಿತು. ಒಣಗಿತ್ತು.

ಆಗ ನನಗೆ ಮತ್ತೆ ನಾಲಿಗೆ ಬಂತು. “ಅತ್ತಿ, ಪಂಚಾಂಗ, ಮೊಣಕಾಲು, ರೇಡಿಯೊ... ಮುಂದ ಯಾವುದನ್ನ ನಂಬ್ತಿ?”

“ಮೂರನ್ನೂ ನಂಬ್ತೀನಲೇ. ರೇಡಿಯೊದ ಕಿವಿ ತಿರುವಿದ್ರ ಬಾಯಿ ಮುಚ್ಚತೈತಿ. ನಿಂದು ಮುಚ್ಚತೈತೇನು ನೋಡೂನು, ಬಾ ಇಲ್ಲಿ.”