ಅರಬ್ಬಿ ಮಗ್ಗಿ

ಅರವತ್ತೆರಡನೆಯ ವಯಸ್ಸಿನಲ್ಲಿ ನಾನು ಒಂದು ಆಸ್ಪತ್ರೆಯನ್ನು ಮೂರು ದಿನ ಹುಡುಕಿದೆ, ಸಿಗಲಿಲ್ಲ. ಊರಿನಲ್ಲಲ್ಲ, ನಿಘಂಟಿನಲ್ಲಿ. ಅರಬ್ಬಿಯಲ್ಲಿ ಆಸ್ಪತ್ರೆಗೆ ‘ಮುಸ್ತಶ್ಫಾ’ ಎನ್ನುತ್ತಾರೆ. ಶುರುವಿನಲ್ಲೇ ‘ಮ’ ಇದೆಯಲ್ಲ ಎಂದು ಆ ಅಕ್ಷರದ ಪುಟಗಳನ್ನೆಲ್ಲ ಜಾಲಾಡಿದೆ. ನಾಲ್ಕನೆಯ ದಿನ ನನ್ನ ಉಸ್ತಾದರು ಹಣೆ ಚಚ್ಚಿಕೊಂಡರು. ಉಸ್ತಾದರೆಂದರೆ ಲಕ್ಷ್ಮೇಶ್ವರದ ದಾದಾಪೀರ ಮಾಸ್ತರು, ಉರ್ದು ಶಾಲೆಯಿಂದ ನಿವೃತ್ತರಾದವರು.

“ಮಾಸ್ತರ, ಆ ಮ, ಸ, ತ ಮೂರೂ ಬಂದು ಕುಂತ ಬೀಗರು. ಮನಿ ಮಂದಿ ಬ್ಯಾರೆ ಅದಾರ. ಮೊದ್ಲ ಬೀಗರನ್ನ ಕಳಸ್ರಿ, ಆಮ್ಯಾಲೆ ಮನಿ ಹುಡುಕ್ರಿ” ಎಂದರು. ಬೀಗರನ್ನು ಕಳಿಸಿ ನೋಡಿದೆ. ‘ಗುಣವಾಗು’ ಎನ್ನುವ ಧಾತುವಿನ ಕೆಳಗೆ ಆಸ್ಪತ್ರೆ ತಣ್ಣಗೆ ಕೂತಿತ್ತು.

ಅರಬ್ಬಿಯ ಬಹುಪಾಲು ಪದಗಳು ಮೂರು ಮೂಲ ಅಕ್ಷರಗಳ ಮೇಲೆ ನಿಂತಿವೆ. ಅವುಗಳ ಹಿಂದೆ, ಮುಂದೆ, ನಡುವೆ ಬೇರೆಯವು ಸೇರಿ ಸಂಸಾರ ಬೆಳೆಯುತ್ತದೆ. ಬಂದು ಸೇರಿದವರನ್ನು ಗುರುತಿಸಿ, ಬೇರ್ಪಡಿಸಿ, ಮೂಲದವರನ್ನು ಹುಡುಕುವ ವಿದ್ಯೆಗೆ ‘ಸರ್ಫ್’ ಎಂದು ಹೆಸರು. ಇದಕ್ಕೆ ಬಾಯಿಪಾಠವೇ ದಾರಿ. ಒಂದು ಕ್ರಿಯಾಪದ ಹಿಡಿದು ಅವನು, ಅವರಿಬ್ಬರು, ಅವರೆಲ್ಲರು ಎಂದು ಶುರು ಮಾಡಿ ನಾನು, ನಾವು ಎನ್ನುವ ತನಕ ಹದಿನಾಲ್ಕು ರೂಪಗಳನ್ನು ತಡವರಿಸದೆ ಒಪ್ಪಿಸಬೇಕು. ಅದು ‘ಗರ್ದಾನ್’, ಅಂದರೆ ನಮ್ಮ ಮಗ್ಗಿಯೇ ಎನ್ನಿ. ಮೊದಲ ಪಾಠದ ಕ್ರಿಯಾಪದ ‘ಜರಬ’, ಹೊಡೆದನು.

ನಾನು ಬೆಟಗೇರಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವನು. ಮಗ್ಗಿ ತಪ್ಪಿದವರ ಅಂಗೈಗಳು ನನ್ನ ಬೆತ್ತಕ್ಕೆ ಚೆನ್ನಾಗಿ ಗೊತ್ತು. ಆ ಪಾಪಕ್ಕೇ ಇರಬೇಕು, ಈಗ ಲಕ್ಷ್ಮೇಶ್ವರದ ಬಸ್ಸಿನಲ್ಲಿ ಕಿಟಕಿಗೆ ಮುಖ ಹಾಕಿ ‘ಜರಬ, ಜರಬಾ, ಜರಬೂ’ ಎಂದು ಹೊಡೆದವರ ಪಟ್ಟಿ ಒಪ್ಪಿಸುತ್ತ ಕೂರುತ್ತೇನೆ. ಒಂದು ದಿನ ಮುಳಗುಂದ ದಾಟಿದ ಮೇಲೆ ಕಂಡಕ್ಟರ್ ಬಗ್ಗಿ, “ಸರ, ಮನ್ಯಾಗ ಏನರ ತ್ರಾಸ ಐತೇನ್ರಿ?” ಎಂದು ಮೆಲ್ಲಗೆ ಕೇಳಿದ.

ಇತ್ತು. ಆದರೆ ಅವನಿಗೆ ಹೇಳುವಂಥದ್ದಲ್ಲ. ನಿಮಗೆ ಹೇಳುತ್ತೇನೆ.

ನನ್ನ ತಂಗಿ ಕಸ್ತೂರಿಯ ಗಂಡ ಈರಣ್ಣ ಕೈಮಗ್ಗ ಬಿಟ್ಟು, ಪೈಪಿನ ಕೆಲಸ ಕಲಿತು, ಕೊಲ್ಲಿಯ ಒಂದು ದೇಶಕ್ಕೆ ಹೋಗಿದ್ದ. ಎರಡು ವರ್ಷದ ಹಿಂದೆ ಪೆಟ್ಟಿಗೆಯಲ್ಲಿ ಬಂದ. ತೆರೆಯಬೇಡಿ ಎಂದಿದ್ದರು, ತೆರೆಯದೆ ಮಣ್ಣು ಮಾಡಿದೆವು. ಹೃದಯಾಘಾತ ಎಂದು ಕಂಪನಿಯವರು ಇಂಗ್ಲಿಷಿನಲ್ಲಿ ಒಂದೇ ಸಾಲು ಬರೆದಿದ್ದರು. ತಿಂಗಳಾದ ಮೇಲೆ ಅಲ್ಲೇ ದುಡಿಯುತ್ತಿದ್ದ ಮುಂಡರಗಿ ಕಡೆಯವನೊಬ್ಬ ಫೋನು ಮಾಡಿ, ಈರಣ್ಣ ಉರುಲು ಹಾಕಿಕೊಂಡನೆಂದು ಅಲ್ಲಿ ಮಂದಿ ಆಡಿಕೊಳ್ಳುತ್ತಿದ್ದಾರೆ ಎಂದ. ಅಂದಿನಿಂದ ಕಸ್ತೂರಿ ಸರಿಯಾಗಿ ಉಂಡಿದ್ದನ್ನು ನಾನು ನೋಡಿಲ್ಲ. ಸಾಯುವ ಹಿಂದಿನ ದಿನ ಗಂಡ ಹೆಂಡಿರು ಫೋನಿನಲ್ಲಿ ಜಗಳವಾಡಿದ್ದರು.

“ನೀ ಬರಾದ ಬ್ಯಾಡ, ಅಲ್ಲೇ ಇರು ಅಂದಬಿಟ್ಟೆ ಅಣ್ಣಾ. ಅದ ಮಾತು ಹಿಡಕೊಂಡು ಹೋದನೇನೋ” ಎಂದಳು.

ಪೆಟ್ಟಿಗೆಯ ಜೊತೆ ಅರಬ್ಬಿಯ ಮೂರು ಹಾಳೆಗಳು ಬಂದಿದ್ದವು. ಒಂದು ಅಚ್ಚಿನದು, ಅದರಲ್ಲಿ ಬರೀ ಹೆಸರು, ವಿಳಾಸ; ಎರಡು ಡಾಕ್ಟರರ ಕೈಬರಹ. ಮೊಬೈಲಿನಲ್ಲಿ ಫೋಟೋ ಹಿಡಿದು ಅನುವಾದಕ್ಕೆ ಹಾಕಿದರೆ ಅದು ಒಮ್ಮೆ ‘ಛಾವಣಿಯ ಅಂಗಡಿ ಸಂತೋಷವಾಗಿದೆ’ ಎಂದಿತು, ಇನ್ನೊಮ್ಮೆ ‘ಮಂಗಳವಾರ ಒಂಟೆ’ ಎಂದಿತು. ಡಾಕ್ಟರರ ಅಕ್ಷರ ಎಲ್ಲ ದೇಶಗಳಲ್ಲೂ ಒಂದೇ ಎಂದು ಕಾಣುತ್ತದೆ. ಅರಬ್ಬಿ ಬಲ್ಲವರಿಗೆ ತೋರಿಸೋಣ ಎಂದರೆ ಕಸ್ತೂರಿ ಹಾಳೆಗಳನ್ನು ಎದೆಗೆ ಅವುಚಿಕೊಂಡಳು. “ಮಂದಿಗೆ ಬ್ಯಾಡ. ಅದು ಖರೇನ ಆಗಿದ್ರ ಮೊದ್ಲ ನಮ್ಮ ಮನ್ಯಾಗ ಗೊತ್ತಾಗಲಿ. ನೀನ ಓದು.” ಹೀಗೆ ನಾನು ಅರಬ್ಬಿ ವಿದ್ಯಾರ್ಥಿಯಾದೆ. ಬೆಟಗೇರಿಯಲ್ಲಿ ಕಲಿತರೆ ಸುದ್ದಿಯಾಗುತ್ತದೆಂದು ಲಕ್ಷ್ಮೇಶ್ವರದ ದಾರಿ ಹಿಡಿದೆ.

ಉಸ್ತಾದರಿಗೆ ಹವ್ಯಾಸವೆಂದು ಹೇಳಿದ್ದೆ. ಅವರು ನಂಬಿದ ಹಾಗೆ ಮಾಡಿದರು. ಅರಬ್ಬಿ ವೈಯಾಕರಣರು ಕ್ರಿಯಾಪದಗಳನ್ನು ಆರೋಗ್ಯವಂತ ಮತ್ತು ರೋಗಿ ಎಂದು ಎರಡು ವಾರ್ಡುಗಳಲ್ಲಿ ಮಲಗಿಸಿದ್ದಾರೆ. ಮೂಲದ ಮೂರೂ ಅಕ್ಷರ ಗಟ್ಟಿಯಾಗಿದ್ದರೆ ಆರೋಗ್ಯ. ನಡುವೆ ‘ವ’ದಂಥ ದುರ್ಬಲ ಅಕ್ಷರವಿದ್ದರೆ ಅದು ಕರಗಿ, ವೇಷ ಬದಲಿಸಿ, ಕಲಿಯುವವನ ಪ್ರಾಣ ತಿನ್ನುತ್ತದೆ. ‘ಸತ್ತನು’ ಎನ್ನುವುದು ರೋಗಿಗಳ ವಾರ್ಡಿನ ಪದ. ಅದರ ಗರ್ದಾನ್ ನನಗೆ ಎರಡು ವಾರ ಬರಲಿಲ್ಲ. ಹದಿಮೂರನೆಯ ರೂಪ ‘ನಾನು ಸತ್ತೆ’. ಅದನ್ನು ಮನುಷ್ಯರು ಯಾವಾಗ ಬಳಸುತ್ತಾರೆಂದು ಕೇಳಿದೆ. “ನೀವು ಮೊದ್ಲ ಪಾಠ ಮಾಡ್ರಿ, ಉಪಯೋಗ ಆಮ್ಯಾಲೆ ಬರತೈತಿ” ಎಂದರು.

ಒಂದು ದಿನ ಅವರೇ ಚಹಾ ಕೊಡುತ್ತ, “ಎಲ್ಲಾರೂ ಮನಿ, ಗಿಡ, ಪುಸ್ತಕ ಅಂತ ಕೇಳತಾರ. ನೀವು ಬರೇ ದವಾಖಾನಿ, ಹೆಣ, ಹಗ್ಗ ಕೇಳತೀರಿ” ಎಂದರು. ನಾನು ಚಹಾವನ್ನು ಬಸಿಗೆ ಸುರಿದುಕೊಂಡೆ. ಅವರು ಮತ್ತೆ ಕೇಳಲಿಲ್ಲ. ಮುಂದಿನ ಪಾಠದಲ್ಲಿ, ಸರದಿ ಬರದಿದ್ದರೂ, ಕರ್ಮಣಿ ಪ್ರಯೋಗ ಹೇಳಿಕೊಟ್ಟರು. ಪೊಲೀಸರ, ದವಾಖಾನೆಯ ಕಾಗದದಲ್ಲಿ ಅದೇ ಹೆಚ್ಚಂತೆ. ಅರಬ್ಬಿಯಲ್ಲಿ ಅದಕ್ಕೆ ‘ಮಜ್ಹೂಲ್’ ಎನ್ನುತ್ತಾರೆ. ಮಾಡಿದವನು ಯಾರೆಂದು ತಿಳಿಯದ್ದು. ಮನೆಗೆ ಬಂದು ಹಾಳೆ ಬಿಡಿಸಿದರೆ ತುಂಬ ಅದೇ. ನೋಡಲಾಯಿತು, ಸಾಗಿಸಲಾಯಿತು, ಒಪ್ಪಿಸಲಾಯಿತು. ನೋಡಿದವರೂ ಇಲ್ಲ, ಸಾಗಿಸಿದವರೂ ಇಲ್ಲ. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

ದಿನಕ್ಕೊಂದು ಪದದಂತೆ ಕಸ್ತೂರಿಯ ಗಂಡನ ಸಾವು ನನಗೆ ಸಿಗತೊಡಗಿತು. ಛಾವಣಿ. ನೀರಿನ ಟಾಕಿ. ನಮ್ಮ ಖಜಾನೆಯೂ ಆ ಟಾಕಿಯೂ ಒಂದೇ ಧಾತುವಿನವು ಎಂದು ತಿಳಿದಾಗ ಖುಷಿಪಟ್ಟು, ಆಮೇಲೆ ಖುಷಿಪಟ್ಟದ್ದಕ್ಕೆ ಹೇಸಿಕೊಂಡೆ. ಹಗ್ಗದ ಪದ ಎಲ್ಲೂ ಬರಲಿಲ್ಲ. ಕುತ್ತಿಗೆಯೂ ಬರಲಿಲ್ಲ. ಕಡೆಗೆ ಕಾರಣದ ಸಾಲಿನಲ್ಲಿ ಎರಡು ಪದ ಬಿಡಿಸಿದೆ. ‘ಜರ್ಬತು ಶಮ್ಸ್’. ಬಿಸಿಲಿನ ಹೊಡೆತ. ವರ್ಷವಿಡೀ ಬಸ್ಸಿನಲ್ಲಿ ಜಪಿಸಿದ ಕ್ರಿಯಾಪದದ ಮಗಳು ಅಲ್ಲಿ ಕೂತಿದ್ದಳು, ನಾನು ಅವಳನ್ನು ಗುರುತಿಸದೆ ಎಷ್ಟೋ ಸಲ ದಾಟಿ ಹೋಗಿದ್ದೆ.

ಅವತ್ತೇ ಹೇಳಬಹುದಿತ್ತು. ಆದರೆ ಕೆಳಗೆ ಇನ್ನೊಂದು ಸಾಲಿತ್ತು, ಮುಗಿಸಿಯೇ ಹೇಳೋಣ ಎಂದುಕೊಂಡೆ. ಗಣಿತದವರ ಕೆಟ್ಟ ಚಟ ಅದು, ಉತ್ತರ ಬಂದ ಮೇಲೂ ತಾಳೆ ನೋಡುವುದು. ಆ ಸಾಲಿಗೆ ಒಂಬತ್ತು ದಿನ ಹಿಡಿಯಿತು. ಈರಣ್ಣ ಪೈಪು ನೋಡಲು ಮೇಲೆ ಹತ್ತಿದ್ದು ಮುಂಜಾನೆ. ಟಾಕಿಯ ಪಕ್ಕದಲ್ಲಿ ಅವನನ್ನು ಕಂಡದ್ದು ಮರುದಿನ. ಪ್ರಾಣ ಹೋದದ್ದು ಹತ್ತಿದ ದಿನದ ಸಂಜೆ ಎಂದು ಡಾಕ್ಟರರು ಅಂದಾಜು ಮಾಡಿದ್ದರು. ನಡುವಿನ ಹೊತ್ತನ್ನು ನಾನು ಲೆಕ್ಕ ಹಾಕಲಿಲ್ಲ, ಅದು ತಾನೇ ಬಂದುಬಿಟ್ಟಿತು. ಗಣಿತ ಕಲಿತದ್ದಕ್ಕೆ ಜೀವನದಲ್ಲಿ ಮೊದಲ ಸಲ ಬೇಸರವಾಯಿತು.

ಮರುದಿನ ಮುಂಜಾನೆ ಕಸ್ತೂರಿ ಅಂಗಳದಲ್ಲಿ ಕೂತು ಸೀರೆಗೆ ಕುಚ್ಚು ಕಟ್ಟುತ್ತಿದ್ದಳು.

“ಉರುಲಲ್ಲವ್ವಾ” ಎಂದೆ. “ಬಿಸಲ ಬಡದೈತಿ. ಚೊಲೋತ್ನಾಗ ಓದೀನಿ. ಕೆಲಸದ ಮ್ಯಾಲ ಇದ್ದ, ಪೈಪ್ ನೋಡಾಕ ಹೋಗಿದ್ದ. ನಿನ್ನ ಮಾತಿಗೆ ಹೋದವ ಅಲ್ಲ.”

ಅವಳು ಸೀರೆಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಎರಡು ವರ್ಷದಿಂದ ತಡೆದಿಟ್ಟದ್ದು. ನಾನೂ ಅತ್ತೆ. ಕಣ್ಣೊರೆಸಿಕೊಂಡು ಅವಳು, “ಜಲ್ದಿ ಹೋತೇನಣ್ಣಾ ಜೀವ? ಭಾಳ ಹೊತ್ತು ಬಿದ್ದಿದ್ದನೇನು?” ಎಂದು ಕೇಳಿದಳು.

“ಅದರ ಕೆಳಗ ಒಂದು ಸಾಲೈತಿ” ಎಂದೆ. “ಅದು ನನಗ ಇನ್ನೂ ಓದಾಕ ಬರಂಗಿಲ್ಲ. ಆ ಪಾಠ ಇನ್ನೂ ಮುಂದೈತಿ.”

ಕಸ್ತೂರಿ ನನ್ನ ಮುಖವನ್ನೇ ನೋಡಿದಳು. ಚಿಕ್ಕಂದಿನಿಂದ ನನ್ನ ಸುಳ್ಳುಗಳನ್ನು ಹಿಡಿದವಳು ಅವಳು. ಹಾಳೆಗಳನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿದಳು.

“ಹಂಗಾರ ಆ ಪಾಠ ಕಲೀಬ್ಯಾಡ ಬಿಡಣ್ಣಾ” ಎಂದಳು.

ನಾನು ಈಗಲೂ ವಾರಕ್ಕೆರಡು ಸಲ ಲಕ್ಷ್ಮೇಶ್ವರಕ್ಕೆ ಹೋಗುತ್ತೇನೆ. ರೋಗಿ ಕ್ರಿಯಾಪದಗಳು ಇನ್ನೂ ಕಾಡುತ್ತವೆ, ಉಸ್ತಾದರು ಇನ್ನೂ ಹಣೆ ಚಚ್ಚಿಕೊಳ್ಳುತ್ತಾರೆ. ಹೊರಡುವಾಗ ಕಸ್ತೂರಿ ಬಾಗಿಲಿಗೆ ಬಂದು ಬುತ್ತಿ ಕೊಡುತ್ತಾಳೆ, ಪಾಠ ಎಲ್ಲಿಗೆ ಬಂತೆಂದು ಮಾತ್ರ ಕೇಳುವುದಿಲ್ಲ. ಬಿಡುವ ಹಾಗಿಲ್ಲ ನೋಡಿ. ಬಿಟ್ಟರೆ, ಆ ಸಾಲನ್ನು ನಾನು ಓದಿ ಮುಗಿಸಿದ್ದೇನೆಂದು ಇಬ್ಬರೂ ಒಪ್ಪಿಕೊಂಡಂತಾಗುತ್ತದೆ.